ದೂರದರ್ಶಕವೂ ಅದರ ಶೋಧಕವೂ

೨೦೨೪ನೆಯ ಇಸವಿಯ ಜನವರಿ ತಿಂಗಳ ಒಂದು ಸಂಜೆ ನಾವು ಶಾಲೆಯ ಗಚ್ಚಿಯ ಮೇಲೆ ದೂರದರ್ಶಕವನ್ನು ನಿಲ್ಲಿಸಿ ಮಕ್ಕಳಿಗೆ ಶನಿಗ್ರಹವನ್ನು ತೋರಿಸಲು ಅಣಿಯಾಗಿದ್ದೆವು. ಶನಿಯು ಆಗ ಕುಂಭ ರಾಶಿಯಲ್ಲಿದ್ದು, ಸೂರ್ಯಾಸ್ತವಾದ ಬಳಿಕ ಪಶ್ಚಿಮದಲ್ಲಿ ಸ್ವಲ್ಪ ಹೊತ್ತು ಮಾತ್ರ ಕಾಣಿಸುತ್ತಿದ್ದಿತು. ಏಳು ಗಂಟೆಗೆ ನಲವತ್ತು ಮಂದಿ ಸಾಲಾಗಿ ನಿಂತರು. ದೊಡ್ಡ ಕೊಳವೆಯ ಬೆನ್ನಿಗೆ ಕಟ್ಟಿದ್ದ ಚಿಕ್ಕ ದುರ್ಬೀನಿನಲ್ಲಿ ಶನಿಯನ್ನು ಸರಿಯಾಗಿ ಮಧ್ಯಕ್ಕೆ ತಂದೆವು. ಆದರೆ ದೊಡ್ಡ ಕೊಳವೆಯಲ್ಲಿ ಕಣ್ಣಿಟ್ಟಾಗ ಕತ್ತಲೆಯಲ್ಲದೆ ಬೇರೇನೂ ಕಾಣಲಿಲ್ಲ. ಮೆಟ್ಟಿಲು ಹತ್ತಿಸುವಾಗ ಯಾರೋ ಆ ಚಿಕ್ಕ ದುರ್ಬೀನನ್ನೇ ಹಿಡಿಕೆಯಂತೆ ಹಿಡಿದು ಎತ್ತಿದ್ದರು. ಅದು ಒಂದು ಡಿಗ್ರಿಗಿಂತಲೂ ಹೆಚ್ಚು ಓರೆಯಾಗಿದ್ದಿತು. ಇಪ್ಪತ್ತೈದು ನಿಮಿಷ ತಡಕಾಡಿದ ಮೇಲೆ ಶನಿಯು ಸಿಕ್ಕಿತು. ಹನ್ನೊಂದು ಮಂದಿ ಬಳೆಗಳನ್ನು ನೋಡಿದರು. ಅಷ್ಟರಲ್ಲಿ ಗ್ರಹವು ಪಕ್ಕದ ಎತ್ತರದ ಕಟ್ಟಡದ ಹಿಂದೆ ಇಳಿದುಹೋಯಿತು.

ಸಾಲಿನ ಕೊನೆಯಲ್ಲಿ ನಿಂತಿದ್ದ ಐದನೆಯ ಇಯತ್ತೆಯ ಹುಡುಗಿಯೊಬ್ಬಳು, “ಗುರುಗಳೇ, ನಾಳೆ ತೋರಿಸುವಿರಾ?” ಎಂದು ಕೇಳಿದಳು. ದೂರದರ್ಶಕವನ್ನು ಎರವಲು ತಂದಿದ್ದೆವು. ಮರುದಿನ ಬೆಳಗ್ಗೆ ಹಿಂದಿರುಗಿಸಬೇಕಾಗಿದ್ದಿತು. ತಪ್ಪು ಎತ್ತಿದವರದಲ್ಲ, ಹಗಲಿನಲ್ಲಿಯೇ ಪರೀಕ್ಷಿಸಿ ನೋಡದಿದ್ದ ನಮ್ಮದು. ಆ ತಪ್ಪು ಮತ್ತೆ ಆಗದಿರಲೆಂದು ಈ ಪಾಠವನ್ನು ಬರೆದಿದ್ದೇವೆ.

ಶೋಧಕವು ಏಕೆ ಬೇಕು?

ದೊಡ್ಡ ದೂರದರ್ಶಕದ ಮೇಲೆ ಕಟ್ಟಿರುವ ಚಿಕ್ಕ ದುರ್ಬೀನಿಗೆ ಶೋಧಕವೆಂದು ಹೆಸರು. ದೊಡ್ಡದಿರುವಾಗ ಚಿಕ್ಕದೇತಕ್ಕೆ ಎಂದು ನೀವು ಕೇಳಬಹುದು. ಇದನ್ನು ತಿಳಿಯಲು ಕೋನಗಳ ಅಳತೆಯನ್ನು ನೆನಪಿಗೆ ತಂದುಕೊಳ್ಳಬೇಕು. ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗವು ಕಲೆ. ಒಂದು ಕಲೆಯ ಅರುವತ್ತನೆಯ ಒಂದು ಭಾಗವು ವಿಕಲೆ. ಪೂರ್ಣಚಂದ್ರನ ಬಿಂಬದ ಅಗಲವು ಸುಮಾರು ಅರ್ಧ ಡಿಗ್ರಿ, ಎಂದರೆ ೩೦ ಕಲೆ.

ಒಂದು ದೂರದರ್ಶಕದ ಸಂಗಮದೂರವು ೧೨೦೦ ಮಿಲಿಮೀಟರು ಇರಲಿ. ಅದಕ್ಕೆ ೧೦ ಮಿಲಿಮೀಟರು ಸಂಗಮದೂರದ ನೇತ್ರಮಸೂರವನ್ನು ಹಾಕಿದರೆ ವರ್ಧನೆಯು ೧೨೦೦ನ್ನು ೧೦ರಿಂದ ಭಾಗಿಸಿದಷ್ಟು, ಎಂದರೆ ೧೨೦ ಪಟ್ಟು. ಸಾಧಾರಣ ನೇತ್ರಮಸೂರದ ಕಿಂಡಿಯು ಕಣ್ಣಿಗೆ ೫೦ ಡಿಗ್ರಿಯಷ್ಟು ಅಗಲವಾಗಿ ತೋರುತ್ತದೆ. ಆ ೫೦ನ್ನು ೧೨೦ರಿಂದ ಭಾಗಿಸಿದರೆ ಬರುವುದು ೨೫ ಕಲೆ. ಆಕಾಶದಲ್ಲಿ ನಮಗೆ ಏಕಕಾಲದಲ್ಲಿ ಕಾಣುವುದು ಇಷ್ಟೇ; ಚಂದ್ರನ ಬಿಂಬವೂ ಪೂರ್ತಿಯಾಗಿ ಹಿಡಿಸಲಾರದು. ಇಂತಹ ಕಿಂಡಿಯಿಂದ ನಕ್ಷತ್ರವೊಂದನ್ನು ಹುಡುಕುವುದೆಂದರೆ ಬಾಗಿಲ ಬೀಗದ ರಂಧ್ರದಿಂದ ಜಾತ್ರೆಯಲ್ಲಿ ಒಬ್ಬನನ್ನು ಹುಡುಕಿದಂತೆ.

ಶೋಧಕದ ವರ್ಧನೆಯು ಆರು ಅಥವಾ ಎಂಟು ಪಟ್ಟು ಮಾತ್ರ. ಆದುದರಿಂದಲೇ ಅದರಲ್ಲಿ ಆರು ಡಿಗ್ರಿಯಷ್ಟು ಅಗಲದ ಆಕಾಶವು ಒಮ್ಮೆಗೇ ಕಾಣುತ್ತದೆ. ಅರ್ಧ ಡಿಗ್ರಿಯ ಕಿಂಡಿಗಿಂತ ಇದು ಅಗಲದಲ್ಲಿ ೧೨ ಪಟ್ಟು, ವಿಸ್ತಾರದಲ್ಲಿ ೧೪೪ ಪಟ್ಟು ದೊಡ್ಡದು. ಶೋಧಕದೊಳಗೆ ಒಂದನ್ನೊಂದು ಅಡ್ಡಹಾಯುವ ಎರಡು ತಂತುಗಳಿರುತ್ತವೆ. ಅವು ಸೇರುವ ಬಿಂದುವಿನಲ್ಲಿ ನಕ್ಷತ್ರವನ್ನು ನಿಲ್ಲಿಸಿದರೆ, ಅದೇ ನಕ್ಷತ್ರವು ದೊಡ್ಡ ದೂರದರ್ಶಕದ ಮಧ್ಯದಲ್ಲಿಯೂ ಕಾಣಬೇಕು. ಎರಡು ಕೊಳವೆಗಳೂ ಒಂದೇ ದಿಕ್ಕನ್ನು ನೋಡುತ್ತಿದ್ದರೆ ಮಾತ್ರ ಹೀಗಾಗುವುದು.

ಇನ್ನೊಂದು ಮಾತು. ಭೂಮಿಯು ಗಂಟೆಗೆ ೧೫ ಡಿಗ್ರಿಯಂತೆ ತಿರುಗುತ್ತಿರುವುದರಿಂದ ಆಕಾಶವೂ ನಮ್ಮ ಕಣ್ಣಿಗೆ ಅಷ್ಟೇ ವೇಗದಿಂದ ಸರಿಯುತ್ತದೆ. ನಿಮಿಷಕ್ಕೆ ೧೫ ಕಲೆ. ನಿಲ್ಲಿಸಿಟ್ಟ ದೂರದರ್ಶಕದ ಅರ್ಧ ಡಿಗ್ರಿಯ ಕಿಂಡಿಯನ್ನು, ಆಕಾಶದ ನಡುಗೆರೆಯ ಬಳಿಯ ನಕ್ಷತ್ರವೊಂದು ಎರಡೇ ನಿಮಿಷಗಳಲ್ಲಿ ದಾಟಿಬಿಡುತ್ತದೆ. ಆದುದರಿಂದ ತಡಕಾಡಲು ಹೆಚ್ಚು ಅವಕಾಶವಿಲ್ಲ.

ಹಗಲಿನಲ್ಲಿ ಹೊಂದಿಸುವ ಕ್ರಮ

ಶೋಧಕವನ್ನು ಹೊಂದಿಸುವ ಕೆಲಸವನ್ನು ಹಗಲಿನಲ್ಲಿಯೇ ಮಾಡಿಕೊಳ್ಳುವುದು ಮೇಲು. ಮೊದಲನೆಯ ನಿಯಮವನ್ನು ಎಲ್ಲಕ್ಕಿಂತ ಮುಂಚೆ ಹೇಳುತ್ತೇವೆ: ದೂರದರ್ಶಕವನ್ನಾಗಲಿ ಶೋಧಕವನ್ನಾಗಲಿ ಸೂರ್ಯನ ಕಡೆಗೆ ತಿರುಗಿಸಿ ಎಂದಿಗೂ ನೋಡಕೂಡದು. ಕ್ಷಣಮಾತ್ರದಲ್ಲಿ ಕಣ್ಣು ಶಾಶ್ವತವಾಗಿ ಹಾಳಾಗುತ್ತದೆ. ಸೂರ್ಯನು ಬೆನ್ನ ಹಿಂದೆ ಇರುವಂತೆ ನಿಂತುಕೊಂಡೇ ಈ ಕೆಲಸವನ್ನು ಆರಂಭಿಸಬೇಕು.

ಕನಿಷ್ಠ ಒಂದು ಕಿಲೋಮೀಟರು ದೂರದಲ್ಲಿ ಅಲುಗಾಡದೆ ನಿಂತಿರುವ ವಸ್ತುವೊಂದನ್ನು ಆರಿಸಿಕೊಳ್ಳಿರಿ. ನೀರಿನ ಟಾಕಿಯ ತುದಿ, ಹಳೆಯ ಗಿರಣಿಯ ಚಿಮಣಿ, ಗೋಪುರದ ಕಳಸ, ಇವೆಲ್ಲ ಒಳ್ಳೆಯವು. ಜನರ ಮನೆಯ ಕಿಟಕಿಗಳ ಕಡೆಗೆ ಕೊಳವೆಯನ್ನು ತಿರುಗಿಸಬಾರದು, ಅದು ಸಭ್ಯತೆಯಲ್ಲ.

ಅನಂತರ ದೊಡ್ಡ ದೂರದರ್ಶಕಕ್ಕೆ ಕಡಿಮೆ ವರ್ಧನೆಯ ನೇತ್ರಮಸೂರವನ್ನು ಹಾಕಿ ಆ ತುದಿಯನ್ನು ಮಧ್ಯಕ್ಕೆ ತರಬೇಕು. ಬಿಂಬವು ತಲೆಕೆಳಗಾಗಿ ಕಂಡರೆ ಗಾಬರಿಪಡಬೇಕಾದುದಿಲ್ಲ. ಮುಕ್ಕಾಲಿಯ ತಿರುಪುಗಳನ್ನು ಬಿಗಿಮಾಡಿ ಕೊಳವೆಯು ಜರುಗದಂತೆ ನಿಲ್ಲಿಸಿರಿ. ಈಗ ಶೋಧಕದಲ್ಲಿ ನೋಡಿರಿ. ಅದೇ ತುದಿಯು ಅಡ್ಡತಂತುಗಳಿಂದ ದೂರವಿದ್ದರೆ, ಶೋಧಕವನ್ನು ಹಿಡಿದಿರುವ ಬಳೆಯ ತಿರುಪುಗಳಲ್ಲಿ ಒಂದನ್ನು ಸ್ವಲ್ಪ ಸಡಿಲಿಸಿ ಅದರ ಎದುರಿನದನ್ನು ಅಷ್ಟೇ ಬಿಗಿಮಾಡುತ್ತ ತುದಿಯನ್ನು ತಂತುಗಳ ನಡುವೆ ತರಬೇಕು. ಬಲವಾಗಿ ತಿರುಗಿಸಿದರೆ ತೆಳುವಾದ ಕೊಳವೆಯು ತಗ್ಗುಬೀಳುವುದು. ಹಾಗೆಂದು ಸಡಿಲವಾಗಿ ಬಿಟ್ಟರೆ ಮೆಟ್ಟಿಲು ಹತ್ತುವಷ್ಟರಲ್ಲಿ ಎಲ್ಲವೂ ಕೆಡುವುದು. ಬೆರಳಿನ ಹದವೇ ಇಲ್ಲಿ ಪ್ರಮಾಣ. ಕಡೆಯಲ್ಲಿ ದೊಡ್ಡ ದೂರದರ್ಶಕಕ್ಕೆ ಹೆಚ್ಚು ವರ್ಧನೆಯ ನೇತ್ರಮಸೂರವನ್ನು ಹಾಕಿ ಇದೇ ಕೆಲಸವನ್ನು ಇನ್ನೊಮ್ಮೆ ಮಾಡಿರಿ.

ಅಷ್ಟು ದೂರದ ವಸ್ತುವೇ ಏಕೆ, ಎದುರು ಕಟ್ಟಡದ ದೀಪವಾಗದೆ? ಲೆಕ್ಕಹಾಕಿ ನೋಡೋಣ. ದೊಡ್ಡ ಕೊಳವೆಯ ಮಧ್ಯಕ್ಕೂ ಶೋಧಕದ ಮಧ್ಯಕ್ಕೂ ೧೫ ಸೆಂಟಿಮೀಟರು ಅಂತರವಿದೆ ಎನ್ನಿರಿ. ೩೦ ಮೀಟರು ದೂರದ ದೀಪವು ಎರಡರಲ್ಲಿಯೂ ಮಧ್ಯದಲ್ಲಿ ಕಾಣಬೇಕಾದರೆ ಎರಡು ಕೊಳವೆಗಳೂ ಪರಸ್ಪರ ಸ್ವಲ್ಪ ಒಳಮುಖವಾಗಿ ಬಾಗಬೇಕು. ಆ ಬಾಗು ಎಷ್ಟು? ವೃತ್ತದ ತ್ರಿಜ್ಯದಷ್ಟೇ ಉದ್ದವಾದ ಕಂಸವು ಕೇಂದ್ರದಲ್ಲಿ ಮಾಡುವ ಕೋನವು ಸುಮಾರು ೩೪೩೮ ಕಲೆ. ನಮ್ಮ ಆರ್ಯಭಟನು ತನ್ನ ಜ್ಯಾ ಕೋಷ್ಟಕದಲ್ಲಿ ತ್ರಿಜ್ಯಕ್ಕೆ ಇಟ್ಟುಕೊಂಡ ಸಂಖ್ಯೆಯೂ ಇದೇ. ೧೫ ಸೆಂಟಿಮೀಟರು ಎಂಬುದು ೩೦ ಮೀಟರಿನ ೨೦೦ನೆಯ ಒಂದು ಭಾಗ. ೩೪೩೮ನ್ನು ೨೦೦ರಿಂದ ಭಾಗಿಸಿದರೆ ೧೭ ಕಲೆ. ದೀಪಕ್ಕೆ ಹೊಂದಿಸಿದ ಶೋಧಕದಿಂದ ನಕ್ಷತ್ರವನ್ನು ನೋಡಿದಾಗ ಈ ೧೭ ಕಲೆಗಳ ತಪ್ಪು ಉಳಿದೇ ಇರುತ್ತದೆ. ನಮ್ಮ ಕಿಂಡಿಯ ಅಗಲ ೨೫ ಕಲೆ. ಮಧ್ಯದಿಂದ ಅಂಚಿಗೆ ಹನ್ನೆರಡೂವರೆ ಮಾತ್ರ. ಎಂದ ಮೇಲೆ ನಕ್ಷತ್ರವು ಕಿಂಡಿಯ ಹೊರಗೆ! ವಸ್ತುವು ಒಂದು ಕಿಲೋಮೀಟರು ದೂರದಲ್ಲಿದ್ದರೆ ಇದೇ ತಪ್ಪು ಅರ್ಧ ಕಲೆಗೆ ಇಳಿಯುತ್ತದೆ.

ರಾತ್ರಿಯ ಪರೀಕ್ಷೆ

ಹಗಲಿನಲ್ಲಿ ಹೊಂದಿಸಿದುದನ್ನು ರಾತ್ರಿಯಲ್ಲಿ ನಕ್ಷತ್ರದ ಮೇಲೆ ಪರೀಕ್ಷಿಸಬೇಕು. ಇದಕ್ಕೆ ಧ್ರುವ ನಕ್ಷತ್ರವು ಅತ್ಯುತ್ತಮ. ಆಕಾಶದ ಧ್ರುವಬಿಂದುವಿನಿಂದ ಅದು ಮುಕ್ಕಾಲು ಡಿಗ್ರಿಗಿಂತಲೂ ಕಡಿಮೆ ದೂರದಲ್ಲಿರುವುದರಿಂದ ಹತ್ತು ನಿಮಿಷಗಳಲ್ಲಿ ಎರಡು ಕಲೆಗಳಷ್ಟೂ ಸರಿಯದು. ತಿರುಪನ್ನು ನಿಧಾನವಾಗಿ ತಿರುಗಿಸಲು ಸಮಯವು ಸಿಗುತ್ತದೆ. ಒಂದು ಊರಿನ ಅಕ್ಷಾಂಶವೆಷ್ಟೋ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಧ್ರುವವು ಅಲ್ಲಿ ಕಾಣುತ್ತದೆ: ದಿಲ್ಲಿಯಲ್ಲಿ ೨೮ ಡಿಗ್ರಿಗಿಂತ ತುಸು ಮೇಲೆ, ಮುಂಬಯಿಯಲ್ಲಿ ೧೯, ಮದರಾಸು ಎನಿಸಿದ್ದ ಚೆನ್ನೈಯಲ್ಲಿಯೂ ಬೆಂಗಳೂರಿನಲ್ಲಿಯೂ ೧೩. ನಗರದ ಹೊಗೆಯಲ್ಲಿ ಅದು ಕಾಣದೆ ಹೋದರೆ ಯಾವುದಾದರೂ ಉಜ್ಜ್ವಲ ನಕ್ಷತ್ರವನ್ನು ಹಿಡಿಯಬಹುದು. ಆದರೆ ಪ್ರತಿಯೊಂದು ಸಲವೂ ಅದನ್ನು ದೊಡ್ಡ ಕೊಳವೆಯ ಮಧ್ಯಕ್ಕೆ ಮರಳಿ ತಂದ ಮೇಲೆಯೇ ಶೋಧಕವನ್ನು ಮುಟ್ಟತಕ್ಕದ್ದು.

ಶೋಧಕದಲ್ಲಿ ನೋಡುತ್ತಿರುವಾಗ ಕಣ್ಣನ್ನು ಸ್ವಲ್ಪ ಅತ್ತಿತ್ತ ಆಡಿಸಿರಿ. ನಕ್ಷತ್ರವು ತಂತುಗಳಿಂದ ಜಾರುವಂತೆ ತೋರಿದರೆ ಬಿಂಬವು ತಂತುಗಳಿರುವ ಜಾಗದಲ್ಲಿ ಮೂಡುತ್ತಿಲ್ಲವೆಂದು ತಿಳಿಯಬೇಕು. ಅದನ್ನು ಮೊದಲು ಸರಿಪಡಿಸದೆ ತಿರುಪುಗಳನ್ನು ಎಷ್ಟು ತಿರುಗಿಸಿದರೂ ವ್ಯರ್ಥ.

ಅಳೆಯುವ ಸಾಧನವನ್ನೂ ಅಳೆಯಬೇಕು

ಈಗಿನ ಕೆಲವು ದೂರದರ್ಶಕಗಳಲ್ಲಿ ಗಣಕಯಂತ್ರವೂ ಸಂವೇದಕಗಳೂ ಇರುತ್ತವೆ. ಕೊಳವೆಯು ಎಷ್ಟು ತಿರುಗಿತು, ಎಷ್ಟು ಏರಿತು ಎಂಬುದನ್ನು ಅವು ಎಣಿಸುತ್ತವೆ. ಗ್ರಹದ ಹೆಸರನ್ನು ಆರಿಸಿ ಗುಂಡಿಯನ್ನು ಒತ್ತಿದರೆ ಯಂತ್ರವೇ ಅತ್ತ ತಿರುಗುತ್ತದೆ. ಹಾಗಾದರೆ ನಮ್ಮ ತೊಂದರೆಯು ತಪ್ಪಿತೇ? ಇಲ್ಲ. ಯಂತ್ರಕ್ಕೆ ಎಣಿಸಲು ಬರುತ್ತದೆಯೇ ಹೊರತು ಎಲ್ಲಿಂದ ಎಣಿಸಬೇಕೆಂಬುದು ತಿಳಿಯದು. ಅದನ್ನು ನಾವೇ ಎರಡು ನಕ್ಷತ್ರಗಳನ್ನು ತೋರಿಸಿ ಕಲಿಸಬೇಕು. ಆ ಎರಡೂ ಒಂದಕ್ಕೊಂದು ದೂರವಾಗಿ, ಆಕಾಶದ ಬೇರೆ ಬೇರೆ ದಿಕ್ಕುಗಳಲ್ಲಿರಬೇಕು. ದಿಗಂತದ ಹತ್ತಿರದ ನಕ್ಷತ್ರವು ಸಲ್ಲದು. ವಾಯುಮಂಡಲವು ಬೆಳಕನ್ನು ಬಾಗಿಸುವುದರಿಂದ ದಿಗಂತದಲ್ಲಿ ಅದು ಅರ್ಧ ಡಿಗ್ರಿಗಿಂತಲೂ ಹೆಚ್ಚು ಮೇಲೆದ್ದು ಕಾಣುತ್ತದೆ. ೪೫ ಡಿಗ್ರಿ ಎತ್ತರದಲ್ಲಿ ಈ ಬಾಗು ಒಂದು ಕಲೆಯಷ್ಟು ಮಾತ್ರ. ಹಲ್ಲಿನ ಚಕ್ರಗಳ ನಡುವೆ ಸ್ವಲ್ಪ ಸಡಿಲವಿರುವುದು ಸಹಜ. ಆದುದರಿಂದ ನಕ್ಷತ್ರವನ್ನು ಮಧ್ಯಕ್ಕೆ ತರುವಾಗ ಕಡೆಯ ಚಲನೆಯು ಯಾವಾಗಲೂ ಒಂದೇ ದಿಕ್ಕಿನಿಂದ ಆಗಬೇಕು.

ಮುಕ್ಕಾಲಿಯನ್ನು ಸಮಮಟ್ಟದಲ್ಲಿ ನಿಲ್ಲಿಸಲು ಗಾರೆ ಕೆಲಸದವರ ರಸಮಟ್ಟವನ್ನು ಬಳಸುತ್ತೇವೆ. ಆ ರಸಮಟ್ಟವೇ ತಪ್ಪಾಗಿದ್ದರೆ? ಇದನ್ನು ಕಂಡುಹಿಡಿಯುವ ಉಪಾಯವು ಬಹು ಸರಳ. ಮೇಜಿನ ಮೇಲೆ ರಸಮಟ್ಟವನ್ನು ಇಟ್ಟು ಗುಳ್ಳೆಯು ಎಷ್ಟು ಗೆರೆ ಸರಿದಿದೆ ಎಂದು ಗುರುತುಮಾಡಿಕೊಳ್ಳಿರಿ. ಬಳಿಕ ಅದೇ ಜಾಗದಲ್ಲಿ ಅದರ ತುದಿಗಳನ್ನು ಅದಲುಬದಲು ಮಾಡಿ ಇಡಿರಿ. ಮೇಜು ಓರೆಯಾಗಿದ್ದರೆ ಗುಳ್ಳೆಯು ಎರಡು ಸಲವೂ ಮೇಜಿನ ಎತ್ತರದ ಕಡೆಗೇ ಹೋಗುತ್ತದೆ. ರಸಮಟ್ಟವು ತಪ್ಪಾಗಿದ್ದರೆ ಗುಳ್ಳೆಯು ರಸಮಟ್ಟದ ತುದಿಯೊಡನೆಯೇ ತಿರುಗುತ್ತದೆ. ಮೊದಲ ಸಲ ಪೂರ್ವಕ್ಕೆ ೩ ಗೆರೆ, ಎರಡನೆಯ ಸಲ ಪೂರ್ವಕ್ಕೆ ೧ ಗೆರೆ ಸರಿದಿದ್ದರೆ, ಎರಡನ್ನೂ ಕೂಡಿಸಿ ಅರ್ಧಮಾಡಿದಾಗ ಬರುವ ೨ ಗೆರೆ ಮೇಜಿನ ಓರೆ. ಕಳೆದು ಅರ್ಧಮಾಡಿದಾಗ ಬರುವ ೧ ಗೆರೆ ರಸಮಟ್ಟದ ತಪ್ಪು. ದೋಷವುಳ್ಳ ಸಾಧನದಿಂದಲೇ ನಾವು ಸತ್ಯವನ್ನು ಪಡೆದೆವು! ಸಾಧನದ ಮಾತನ್ನು ಒಮ್ಮೆ ಕೇಳಿ ನಂಬದೆ, ತಿರುಗಿಸಿ ಇನ್ನೊಮ್ಮೆ ಕೇಳಿದುದೇ ಇದರ ಗುಟ್ಟು.

ದಿಕ್ಸೂಚಿಯ ವಿಷಯದಲ್ಲಿಯೂ ಹೀಗೆಯೇ ಎಚ್ಚರವಿರಬೇಕು. ಗಚ್ಚಿಯ ಕಬ್ಬಿಣದ ಕಂಬಿಗಳೂ ನೀರಿನ ಕೊಳವೆಗಳೂ ಸೂಜಿಯನ್ನು ತಮ್ಮೆಡೆಗೆ ಎಳೆಯುತ್ತವೆ.

ದೊಡ್ಡವರ ಕಥೆಯೂ ಇದೇ

ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು ೪೫೦೦ ಮೀಟರು ಎತ್ತರದಲ್ಲಿ, ಎರಡು ಮೀಟರು ಅಗಲದ ಕನ್ನಡಿಯುಳ್ಳ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ೨೦೦೦ನೆಯ ಇಸವಿಯಲ್ಲಿ ಅದರೊಳಕ್ಕೆ ಮೊದಲ ನಕ್ಷತ್ರದ ಬೆಳಕು ಬಿದ್ದಿತು. ಅದನ್ನು ನಡೆಸುವವರು ಕುಳಿತುಕೊಳ್ಳುವುದು ನಮ್ಮ ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ! ಉಪಗ್ರಹದ ಮೂಲಕ ಅಲ್ಲಿಂದ ಆಜ್ಞೆಗಳು ಹೋಗುತ್ತವೆ. ಅಷ್ಟು ದೂರದಿಂದ ಕೈಯಿಟ್ಟು ತಿರುಪನ್ನು ತಿರುಗಿಸುವಂತಿಲ್ಲ. ಇಂತಹ ದೊಡ್ಡ ದೂರದರ್ಶಕಗಳಲ್ಲಿ ಆಕಾಶದ ನಾನಾ ಭಾಗಗಳ ಅನೇಕ ನಕ್ಷತ್ರಗಳನ್ನು ಒಂದೊಂದಾಗಿ ನೋಡಿ, ಯಂತ್ರವು ಎಲ್ಲಿಗೆ ಹೋಗಬೇಕಾಗಿತ್ತು, ಎಲ್ಲಿಗೆ ಹೋಯಿತು ಎಂಬ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳುತ್ತಾರೆ. ಕೊಳವೆಯು ತನ್ನ ಭಾರಕ್ಕೇ ಬಾಗುವುದು ಮೊದಲಾದ ದೋಷಗಳೆಲ್ಲ ಆ ಪಟ್ಟಿಯಿಂದ ತಿಳಿಯುತ್ತವೆ. ಗಣಕಯಂತ್ರವು ಅವನ್ನು ಮುಂಚಿತವಾಗಿಯೇ ತಿದ್ದಿಕೊಂಡು ಹೊರಡುತ್ತದೆ.

೧೯೯೦ನೆಯ ಇಸವಿಯ ಏಪ್ರಿಲಿನಲ್ಲಿ ಅಮೆರಿಕದಿಂದ ಆಕಾಶಕ್ಕೆ ಏರಿದ ಹಬಲ್ ದೂರದರ್ಶಕವು ಭೂಮಿಯನ್ನು ಸುತ್ತುತ್ತಲೇ ನಕ್ಷತ್ರಗಳನ್ನು ನೋಡುತ್ತದೆ. ಅದು ತನ್ನ ಗುರಿಯನ್ನು ಹಂತಹಂತವಾಗಿ ಹಿಡಿಯುತ್ತದೆ. ಗೈರೊಸ್ಕೋಪುಗಳು ತಿರುಗುವಿಕೆಯನ್ನು ಅಳೆಯುತ್ತವೆ. ನಕ್ಷತ್ರ ಸಂವೇದಕಗಳು ದಿಕ್ಕನ್ನು ಸ್ಥೂಲವಾಗಿ ಹೇಳುತ್ತವೆ. ಕಡೆಯಲ್ಲಿ ಸೂಕ್ಷ್ಮ ಮಾರ್ಗದರ್ಶಕ ಸಂವೇದಕಗಳು ಗೊತ್ತಾದ ನಕ್ಷತ್ರಗಳನ್ನು ಹಿಡಿದುಕೊಂಡು ಬಿಡುವುದಿಲ್ಲ. ಇಂತಹ ಸೂಕ್ಷ್ಮ ಸಂವೇದಕಗಳು ಮೂರು ಇವೆ. ಅವುಗಳಿಂದ ಹಬಲ್ ೦.೦೦೭ ವಿಕಲೆಯೊಳಗೆ ಸ್ಥಿರವಾಗಿ ನಿಲ್ಲಬಲ್ಲದು. ಸುಮಾರು ೬೦೦ ಕಿಲೋಮೀಟರು ದೂರದಲ್ಲಿಟ್ಟ ಎರಡು ಸೆಂಟಿಮೀಟರು ಅಗಲದ ನಾಣ್ಯದ ಮೇಲೆ ದೃಷ್ಟಿಯನ್ನು ನೆಟ್ಟಂತೆ ಇದು! ಆ ಸಂವೇದಕಗಳನ್ನೂ ಪರೀಕ್ಷಿಸಬೇಕಾಯಿತು. ಮಿಥುನ ರಾಶಿಯಲ್ಲಿರುವ ಎಂ ೩೫ ಎಂಬ ನಕ್ಷತ್ರಗುಚ್ಛವನ್ನು ಮತ್ತೆ ಮತ್ತೆ ನೋಡಿ ಅವುಗಳ ಅಳತೆಯನ್ನು ತಿದ್ದಿದರು.

ಸಂವೇದಕವು ಸುಳ್ಳನ್ನೂ ಹೇಳಬಲ್ಲದು. ೨೦೨೪ರಲ್ಲಿ ಹಬಲ್‌ನ ಗೈರೊಸ್ಕೋಪೊಂದು, ದೂರದರ್ಶಕವು ನಿಧಾನವಾಗಿ ತಿರುಗುತ್ತಿದ್ದರೂ ಅತ್ಯಂತ ವೇಗವಾಗಿ ತಿರುಗುತ್ತಿದೆಯೆಂದು ವರದಿಮಾಡತೊಡಗಿತು. ಉಳಿದಿದ್ದ ಎರಡರಲ್ಲಿ ಒಂದನ್ನು ಕಾದಿರಿಸಿ, ಒಂದರಿಂದಲೇ ಕೆಲಸ ನಡೆಸುವ ಕ್ರಮಕ್ಕೆ ಆ ವರ್ಷದ ಜೂನಿನಲ್ಲಿ ಅದನ್ನು ಬದಲಾಯಿಸಿದರು.

ಇದಕ್ಕಿಂತಲೂ ದೊಡ್ಡ ಪಾಠವು ಹಬಲ್‌ನ ಕನ್ನಡಿಯಲ್ಲಿದೆ. ೨.೪ ಮೀಟರು ಅಗಲದ ಆ ಕನ್ನಡಿಯನ್ನು ಅತಿ ನಯವಾಗಿ ಉಜ್ಜಿದ್ದರು. ಆದರೆ ಅದರ ಆಕಾರವನ್ನು ಪರೀಕ್ಷಿಸುವ ಸಾಧನದೊಳಗಿನ ಒಂದು ಮಸೂರವು ಇರಬೇಕಾದ ಜಾಗದಿಂದ ೧.೩ ಮಿಲಿಮೀಟರು ಸರಿದಿದ್ದಿತು. ತಪ್ಪಾದ ಅಳತೆಗೋಲಿಗೆ ಕನ್ನಡಿಯು ಅತ್ಯಂತ ಸರಿಯಾಗಿ ಹೊಂದಿಕೊಂಡಿತು! ಅಂಚಿನಲ್ಲಿ ಅದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗಕ್ಕಿಂತ ತುಸು ಹೆಚ್ಚು ಚಪ್ಪಟೆಯಾಯಿತು, ಚಿತ್ರಗಳು ಮಸುಕಾದುವು. ಬೇರೆ ಸಾಧನಗಳು ದೋಷವಿದೆಯೆಂದು ಮೊದಲೇ ತೋರಿಸಿದ್ದುವು. ಅವು ಅಷ್ಟು ನಿಖರವಲ್ಲವೆಂದು ಅವುಗಳ ಮಾತನ್ನು ಬದಿಗೊತ್ತಿದ್ದರು. ೧೯೯೩ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಅಲ್ಲಿಗೆ ಹೋಗಿ, ದೋಷವನ್ನು ತಿದ್ದುವ ಸಾಧನಗಳನ್ನು ಜೋಡಿಸಿಬಂದ ಮೇಲೆಯೇ ಹಬಲ್‌ಗೆ ದೃಷ್ಟಿ ಬಂದಿತು. ರಸಮಟ್ಟವನ್ನು ತಿರುಗಿಸಿ ನೋಡಿದ ನಿಮಗೆ ಇಲ್ಲಿ ಆದ ತಪ್ಪು ಯಾವುದೆಂದು ಬೇರೆಯಾಗಿ ಹೇಳಬೇಕಾದುದಿಲ್ಲ.

ನಮ್ಮ ದೇಶದ ಉದಾಹರಣೆಯೂ ಉಂಟು. ೨೦೦೮ರ ಅಕ್ಟೋಬರ್ ೨೨ರಂದು ಹೊರಟ ಚಂದ್ರಯಾನ–೧ ನೌಕೆಯು ಚಂದ್ರನನ್ನು ಸುತ್ತುತ್ತಿರುವಾಗ ದಿಕ್ಕನ್ನು ತಿಳಿಸುವ ಅದರ ನಕ್ಷತ್ರ ಸಂವೇದಕವು ಕೆಟ್ಟಿತು. ನಮ್ಮ ವಿಜ್ಞಾನಿಗಳು ಕೈಚೆಲ್ಲಲಿಲ್ಲ. ಗೈರೊಸ್ಕೋಪುಗಳ ಸೂಚನೆ, ಆಂಟೆನಾ ನೋಡುತ್ತಿರುವ ದಿಕ್ಕು, ಚಂದ್ರನ ಮೇಲಿನ ಗೊತ್ತಾದ ಸ್ಥಳಗಳ ಚಿತ್ರಗಳು, ಇವನ್ನೆಲ್ಲ ತಾಳೆನೋಡಿ ನೌಕೆಯು ಯಾವ ಕಡೆಗೆ ಮುಖಮಾಡಿದೆ ಎಂಬುದನ್ನು ಕಂಡುಕೊಂಡರು. ೨೦೦೯ರ ಆಗಸ್ಟ್ ೨೯ರಂದು ಸಂಪರ್ಕವು ಕಡಿದುಹೋಗುವವರೆಗೂ ನೌಕೆಯಿಂದ ಕೆಲಸವನ್ನು ಪಡೆದರು. ಒಬ್ಬ ಸಾಕ್ಷಿಯು ಮೂಕನಾದಾಗ ಬೇರೆ ಮೂವರನ್ನು ಕೇಳಿ ನಿಜವನ್ನು ತಿಳಿದ ರೀತಿ ಇದು.

ನೆನಪಿಡಬೇಕಾದುವು

ದೂರದರ್ಶಕವನ್ನು ಶೋಧಕದಿಂದ ಹಿಡಿದು ಎತ್ತಬಾರದು. ಸ್ಥಳವನ್ನು ಬದಲಾಯಿಸಿದಾಗಲೆಲ್ಲ ಶೋಧಕವನ್ನು ಪರೀಕ್ಷಿಸಬೇಕು. ಹೊಂದಿಸಿದ ದಿನಾಂಕವನ್ನೂ, ಎಷ್ಟು ತಪ್ಪಿತ್ತೆಂಬುದನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಯಾವ ತಿರುಪು ಪದೇ ಪದೇ ಸಡಿಲವಾಗುತ್ತಿದೆ ಎಂಬುದು ಅದರಿಂದ ತಿಳಿಯುವುದು. ಸಾಲಿನಲ್ಲಿ ನಿಲ್ಲುವವರನ್ನು ಕರೆಯುವ ಮೊದಲು ಈ ಕೆಲಸವೆಲ್ಲ ಮುಗಿದಿರಬೇಕು.

ಶನಿಯ ಬಳೆಗಳು ೨೦೨೫ರ ಮಾರ್ಚಿನಲ್ಲಿ ನಮಗೆ ಅಂಚನ್ನು ಮಾತ್ರ ತೋರಿಸಿ ಗೆರೆಯಂತಾದುವು. ಇನ್ನು ಅವು ಮೆಲ್ಲಮೆಲ್ಲನೆ ತೆರೆದುಕೊಂಡು ೨೦೩೨ರ ಸುಮಾರಿಗೆ ಅತ್ಯಂತ ಅಗಲವಾಗಿ ಕಾಣಲಿವೆ. ಅಂದು ಕೊನೆಯಲ್ಲಿ ನಿಂತಿದ್ದ ಆ ಹುಡುಗಿ ಅಷ್ಟರಲ್ಲಿ ಕಾಲೇಜಿಗೆ ಹೋಗುತ್ತಿರುವಳು. ಅಲ್ಲಿಯವರೆಗೆ ಆಕೆಯನ್ನು ಕಾಯಿಸುವ ಮನಸ್ಸು ನಮಗಿಲ್ಲ. ಮುಂದಿನ ಸಲ ದೂರದರ್ಶಕವು ಬಂದಾಗ ಶೋಧಕವನ್ನು ಹಗಲಿನಲ್ಲಿಯೇ ಹೊಂದಿಸಿ, ಸಾಲನ್ನು ಚಿಕ್ಕ ತರಗತಿಯವರಿಂದ ಆರಂಭಿಸುವೆವು.

ಅಭ್ಯಾಸ

೧. ದೂರದರ್ಶಕದ ಸಂಗಮದೂರ ೯೦೦ ಮಿಲಿಮೀಟರು, ನೇತ್ರಮಸೂರದ್ದು ೨೦ ಮಿಲಿಮೀಟರು. ವರ್ಧನೆಯೆಷ್ಟು? ಕಿಂಡಿಯು ಕಣ್ಣಿಗೆ ೫೦ ಡಿಗ್ರಿಯಷ್ಟು ತೋರಿದರೆ ಆಕಾಶದ ಎಷ್ಟು ಭಾಗವು ಕಾಣುವುದು?

೨. ಎರಡು ಕೊಳವೆಗಳ ಅಂತರ ೧೨ ಸೆಂಟಿಮೀಟರು. ೬೦ ಮೀಟರು ದೂರದ ವಸ್ತುವಿಗೆ ಶೋಧಕವನ್ನು ಹೊಂದಿಸಿದರೆ ನಕ್ಷತ್ರವನ್ನು ನೋಡುವಾಗ ಎಷ್ಟು ಕಲೆಗಳ ತಪ್ಪಾಗುವುದು?

೩. ರಸಮಟ್ಟದ ಗುಳ್ಳೆಯು ಮೊದಲು ಬಾಗಿಲ ಕಡೆಗೆ ೪ ಗೆರೆ, ತುದಿಗಳನ್ನು ಬದಲಿಸಿದಾಗ ಕಿಟಕಿಯ ಕಡೆಗೆ ೨ ಗೆರೆ ಸರಿಯಿತು. ಬಾಗಿಲೂ ಕಿಟಕಿಯೂ ಎದುರುಬದುರಾಗಿವೆ. ಮೇಜಿನ ಓರೆಯೆಷ್ಟು? ರಸಮಟ್ಟದ ತಪ್ಪೆಷ್ಟು?

೪. ಕೋನಮಾಪಕಕ್ಕೆ ದಾರ ಮತ್ತು ಗುಂಡನ್ನು ಕಟ್ಟಿ ಧ್ರುವ ನಕ್ಷತ್ರದ ಎತ್ತರವನ್ನು ಅಳೆಯಿರಿ. ನಿಮ್ಮ ನಗರದ ಅಕ್ಷಾಂಶವನ್ನು ಭೂಪಟದಲ್ಲಿ ನೋಡಿ ಹೋಲಿಸಿರಿ.